‘ಅಬ್ಲೈಜಿಂಗ್’ ಅಂದರೆ ಹೊಗಳಿಕೆಯೇ, ಅಲ್ಲವೇ?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನಲ್ಲಿ ಎಂಎಸ್ಸಿ ಮಾಡಲು ಅರ್ಜಿ ಹಾಕುತ್ತಿದ್ದಾಳೆ. ಅವಳ ಕಾಲೇಜಿನವರು ಕೊಟ್ಟ ನಡತೆ ಪ್ರಮಾಣಪತ್ರದಲ್ಲಿ ‘ಶಿ ಈಸ್ ಸಿನ್ಸಿಯರ್, ಒಬೀಡಿಯಂಟ್ ಅಂಡ್ ಅಬ್ಲೈಜಿಂಗ್’ ಅಂತ ಇದೆ. ನಿಘಂಟಿನಲ್ಲಿ ನೋಡಿದರೆ ‘ಸಹಾಯ ಮಾಡುವ ಸ್ವಭಾವದ’ ಎಂಬ ಒಳ್ಳೆಯ ಅರ್ಥವೇ ಇದೆ. ಆದರೆ ನಮ್ಮ ಭಾವ, ‘ಇದು ಮನೆಗೆಲಸದವರ ಬಗ್ಗೆ ಬರೆಯುವ ಮಾತು, ತೆಗೆಸಿಬಿಡಿ’ ಎನ್ನುತ್ತಾರೆ. ಈಗ ಅವಳ ಪ್ರಾಧ್ಯಾಪಕರು ಶಿಫಾರಸು ಪತ್ರ ಬರೆಯುತ್ತಿದ್ದಾರೆ, ಅದರಲ್ಲೂ ಇದೇ ಸಾಲು ಬರುವ ಹಾಗಿದೆ. ಯಾರು ಸರಿ? ನಾವು ಶಾಲೆಯಲ್ಲಿ ರಜೆ ಅರ್ಜಿಯ ಕೊನೆಗೆ ಬರೆಯುತ್ತಿದ್ದ ‘ಅಂಡ್ ಅಬ್ಲೈಜ್’ ಇದೇ ಪದವಾ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಉತ್ತರ: ನಿಘಂಟೂ ಸರಿ, ನಿಮ್ಮ ಭಾವನೂ ಸರಿ. ‘ಅಬ್ಲೈಜಿಂಗ್’ ಹೊಗಳಿಕೆಯೇ, ಅದರಲ್ಲಿ ಅನುಮಾನ ಬೇಡ. ಆದರೆ ಅದು ಮೇಲಿನಿಂದ ಕೆಳಕ್ಕೆ ಇಳಿಯುವ ಹೊಗಳಿಕೆ. ಹೊಗಳುವವರು ಕೇಳುವ ಜಾಗದಲ್ಲಿದ್ದಾರೆ, ಹೊಗಳಿಸಿಕೊಂಡವರು ಮಾಡಿಕೊಡುವ ಜಾಗದಲ್ಲಿದ್ದಾರೆ. ಪ್ರಮಾಣಪತ್ರದಲ್ಲಿ ಅದು ಇದ್ದರೆ ಇರಲಿ, ಯಾವ ತೊಂದರೆಯೂ ಇಲ್ಲ. ಹೊಸದಾಗಿ ಬರೆಯುತ್ತಿರುವ ಶಿಫಾರಸು ಪತ್ರದಲ್ಲಿ ಬೇಡ. ಯಾಕೆ ಅನ್ನುವುದಕ್ಕೆ ಪದದೊಳಗೆ ಸ್ವಲ್ಪ ಇಳಿಯಬೇಕಾಗುತ್ತದೆ.

ಮೊದಲು ಅರ್ಥ. ನೀವು ಏನಾದರೂ ಕೇಳಿದಾಗ ಮುಖ ಸಿಂಡರಿಸದೆ, ಸಂತೋಷದಿಂದ ಮಾಡಿಕೊಡುವವರು ಅಬ್ಲೈಜಿಂಗ್. ಇಲ್ಲಿ ಎರಡು ವಿಷಯ ಇವೆ. ಒಂದು, ಯಾರೋ ಕೇಳಿರಬೇಕು, ಇಲ್ಲವೇ ಕೇಳುವ ಹಾಗೆ ಕಾಣಬೇಕು. ಎರಡು, ಮಾಡುವವರ ಮನಸ್ಸು ಸಿದ್ಧವಿರಬೇಕು. ಕೆಲಸ ಆಯಿತೋ ಇಲ್ಲವೋ ಎನ್ನುವುದು ಈ ಪದಕ್ಕೆ ಅಷ್ಟು ಮುಖ್ಯ ಅಲ್ಲ.

‘ಹೆಲ್ಪ್‌ಫುಲ್’ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹೆಲ್ಪ್‌ಫುಲ್ ಪ್ರಯೋಜನದ ಕಡೆ ನೋಡುತ್ತದೆ. ಅಂಚೆ ಕಚೇರಿಯ ಕೌಂಟರನ್ನೇ ತೆಗೆದುಕೊಳ್ಳಿ. ವಯಸ್ಸಾದ ಅಜ್ಜಿಯೊಬ್ಬರು ಉಳಿತಾಯ ಖಾತೆಯ ಫಾರಂ ಹಿಡಿದು ನಿಂತಿದ್ದಾರೆ, ಅವರಿಗೆ ಓದು ಬರಹ ಬಾರದು. ಕೌಂಟರಿನಾತ ತನ್ನ ಸಾಲಿನ ಜನರನ್ನು ಒಂದು ನಿಮಿಷ ತಡೆದು, ‘ಕೊಡಿ ಅಜ್ಜಿ, ಹೆಸರು ಹೇಳಿ’ ಅಂತ ತಾನೇ ತುಂಬಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಆತ ಅಬ್ಲೈಜಿಂಗ್. ಆ ಫಾರಂ ತಪ್ಪು ಫಾರಂ ಆಗಿತ್ತು, ಅಜ್ಜಿಯ ಕೆಲಸ ಅವತ್ತು ಆಗಲಿಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಆತ ಅಬ್ಲೈಜಿಂಗೇ, ಆದರೆ ಹೆಲ್ಪ್‌ಫುಲ್ ಅನ್ನುವುದು ಕಷ್ಟ. ಇನ್ನು ಪಕ್ಕದ ಕೌಂಟರಿನವರು ಗಂಟುಮುಖ ಹಾಕಿಕೊಂಡೇ, ‘ಇದಲ್ಲ, ಆ ನೀಲಿ ಫಾರಂ, ಮೂರನೇ ಕಿಟಕಿ’ ಅಂದರು. ಅಜ್ಜಿಯ ಕೆಲಸ ಆಯಿತು. ಅವರು ಹೆಲ್ಪ್‌ಫುಲ್, ಆದರೆ ಅಬ್ಲೈಜಿಂಗ್ ಖಂಡಿತ ಅಲ್ಲ.

ಈ ವ್ಯತ್ಯಾಸದಿಂದಲೇ ಇನ್ನೊಂದು ನಿಯಮ ಹುಟ್ಟುತ್ತದೆ. ಪುಸ್ತಕ ಹೆಲ್ಪ್‌ಫುಲ್ ಆಗಬಹುದು, ನಕ್ಷೆ ಆಗಬಹುದು, ಸಲಹೆ ಆಗಬಹುದು. ಇವು ಯಾವುವೂ ಅಬ್ಲೈಜಿಂಗ್ ಆಗಲಾರವು, ಯಾಕೆಂದರೆ ಅವಕ್ಕೆ ಮನಸ್ಸಿಲ್ಲ. ‘ಅಬ್ಲೈಜಿಂಗ್’ ಮನುಷ್ಯರಿಗೆ ಹೊಂದುವ ಪದ, ಜತೆಗೆ ಮನುಷ್ಯರ ನಡವಳಿಕೆಗೆ, ಸ್ವಭಾವಕ್ಕೆ, ಮುಗುಳ್ನಗೆಗೆ. ಕಥೆ ಬರೆಯುವವರು ಕೆಲವೊಮ್ಮೆ ಗಾಳಿಗೋ ಬೆಕ್ಕಿಗೋ ಈ ಪದ ಹಚ್ಚುತ್ತಾರೆ. ಆಗ ಅವರು ಗಾಳಿಗೆ ಬೇಕಂತಲೇ ಒಂದು ಮನಸ್ಸು ಕೊಡುತ್ತಿರುತ್ತಾರೆ.

ಈಗ ಬೇರಿನ ಕಡೆ ಬರೋಣ, ಯಾಕೆಂದರೆ ನಿಮ್ಮ ಭಾವನ ಅನುಮಾನಕ್ಕೆ ಕಾರಣ ಅಲ್ಲಿದೆ. ಲ್ಯಾಟಿನ್‌ನಲ್ಲಿ ‘ಲಿಗಾರೆ’ ಅಂದರೆ ಕಟ್ಟುವುದು. ಕ್ರಿಕೆಟ್ ಆಟಗಾರರ ಮಂಡಿಯಲ್ಲಿ ಹರಿಯುವ ‘ಲಿಗಮೆಂಟ್’ ಇದೇ ಬೇರಿನದು, ಎಲುಬಿಗೆ ಎಲುಬನ್ನು ಕಟ್ಟುವ ಪಟ್ಟಿ. ಕಾನೂನಿನ ‘ಲಯಬಲ್’, ಮಿತ್ರ ಎನ್ನುವ ‘ಅಲೈ’ ಕೂಡ ಇದೇ ಕುಟುಂಬ. ‘ಅಬ್ಲೈಜ್’ ಫ್ರೆಂಚ್ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಆಣೆಯಿಂದಲೋ ಕರಾರಿನಿಂದಲೋ ಒಬ್ಬರನ್ನು ಕಟ್ಟಿಹಾಕುವುದು ಅಂತ. ಆಮೇಲೆ ಅರ್ಥ ನಯವಾಯಿತು. ನಾನು ನಿಮಗೆ ಒಂದು ಉಪಕಾರ ಮಾಡಿದರೆ ನೀವು ನನಗೆ ಕಟ್ಟುಬಿದ್ದಿರಿ. ಅಂದರೆ ಉಪಕಾರ ಮಾಡುವುದೇ ‘ಅಬ್ಲೈಜ್’ ಮಾಡುವುದು. ಹಾಗೆ ಮಾಡಲು ಸದಾ ಸಿದ್ಧವಿರುವವರಿಗೆ ‘ಅಬ್ಲೈಜಿಂಗ್’ ಎಂಬ ಗುಣವಾಚಕ 17ನೇ ಶತಮಾನದಲ್ಲಿ ಹತ್ತಿತು.

ಇದನ್ನು ಕನ್ನಡದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ‘ಹಂಗು’ ಇದೆ. ‘ಅವರ ಹಂಗಿನಲ್ಲಿದ್ದೀನಿ’ ಅಂದರೆ ಅವರು ಮಾಡಿದ ಉಪಕಾರ ನನ್ನನ್ನು ಕಟ್ಟಿಹಾಕಿದೆ ಅಂತ. ‘ಹಂಗಿನರಮನೆಗಿಂತ ವಿಂಗಡದ ಗುಡಿ ಲೇಸು’ ಎಂದು ಸರ್ವಜ್ಞನ ಹೆಸರಿನಲ್ಲಿ ನಾವು ಗಾದೆಯ ಹಾಗೆ ಹೇಳಿಕೊಂಡು ಬಂದಿರುವುದು ಇದನ್ನೇ. ಹೊರಗಿನಿಂದ ನೋಡಿದರೆ ಉಪಕಾರ, ಒಳಗಿನಿಂದ ನೋಡಿದರೆ ಗಂಟು. ಇಂಗ್ಲಿಷಿನ ಈ ಪದದಲ್ಲಿ ಎರಡೂ ಒಟ್ಟಿಗೆ ಇವೆ. ಪೋರ್ಚುಗೀಸರ ಧನ್ಯವಾದದ ಮಾತು ‘ಒಬ್ರಿಗಾದು’ ಕೂಡ ಇದೇ ಬೇರಿನದು. ‘ನಾನು ನಿಮಗೆ ಕಟ್ಟುಬಿದ್ದವನು’ ಎನ್ನುವುದೇ ಅದರ ಮೂಲ, ಹೆಂಗಸರು ಹೇಳುವಾಗ ಅದು ‘ಒಬ್ರಿಗಾದಾ’ ಆಗುತ್ತದೆ.

ಈ ಎರಡು ಮುಖಗಳನ್ನು ಒಂದೇ ಸಾಲಿನಲ್ಲಿ ಹಿಡಿದವನು ಕವಿ ಅಲೆಕ್ಸಾಂಡರ್ ಪೋಪ್. 1735ರಲ್ಲಿ ಪ್ರಕಟವಾದ, ಡಾಕ್ಟರ್ ಆರ್ಬತ್ನಾಟ್‌ಗೆ ಬರೆದ ಪದ್ಯಪತ್ರದಲ್ಲಿ ಆತ ‘ಆಟಿಕಸ್’ ಎಂಬ ಹೆಸರಿಟ್ಟು ಒಬ್ಬ ದೊಡ್ಡ ಮನುಷ್ಯನನ್ನು ಚಿತ್ರಿಸುತ್ತಾನೆ. ಅದು ಆ ಕಾಲದ ಹೆಸರಾಂತ ಲೇಖಕ ಜೋಸೆಫ್ ಅಡಿಸನ್ ಅಂತ ಎಲ್ಲರಿಗೂ ಗೊತ್ತಿತ್ತು. ಸುತ್ತಲೂ ಹೊಗಳುಭಟ್ಟರು, ಬಂದವರಿಗೆಲ್ಲ ಸಿಹಿಮಾತು. ಆತ ಎಷ್ಟು ಅಬ್ಲೈಜಿಂಗ್ ಅಂದರೆ ಯಾರನ್ನೂ ಎಂದೂ ‘ಅಬ್ಲೈಜ್’ ಮಾಡಲಿಲ್ಲ ಅನ್ನುತ್ತಾನೆ ಪೋಪ್. ಎಲ್ಲರಿಗೂ ‘ಆಗಲಿ ಆಗಲಿ’ ಅನ್ನುವವನು ಯಾರಿಗೂ ಒಂದು ಕೆಲಸ ಮಾಡಿಕೊಡಲಿಲ್ಲ. ನಮ್ಮ ಸುತ್ತಲೂ ಇಂಥವರು ಇದ್ದಾರೆ, ಅಲ್ವಾ? ನಡವಳಿಕೆ ಬೇರೆ, ಉಪಕಾರ ಬೇರೆ ಎಂದು ನಾನು ಮೇಲೆ ಅಂಚೆ ಕಚೇರಿಯ ಉದಾಹರಣೆಯಲ್ಲಿ ಹೇಳಿದ್ದನ್ನು ಆತ ಒಂದೇ ಸಾಲಿನಲ್ಲಿ ಮುಗಿಸಿದ್ದಾನೆ. ಇನ್ನೊಂದು ಸ್ವಾರಸ್ಯ: ಆ ಜೋಡಿ ಸಾಲುಗಳಲ್ಲಿ ಆತ ‘ಅಬ್ಲೈಜ್ಡ್’ಗೆ ‘ಬಿಸೀಜ್ಡ್’ ಎಂಬ ಪದದ ಪ್ರಾಸ ಇಟ್ಟಿದ್ದಾನೆ. ಆಗಿನ ದೊಡ್ಡಮನೆಗಳಲ್ಲಿ ಅದನ್ನು ಫ್ರೆಂಚ್ ಧಾಟಿಯಲ್ಲಿ ‘ಅಬ್ಲೀಜ್’ ಎಂದು ಉಚ್ಚರಿಸುತ್ತಿದ್ದರು. ಆಮೇಲೆ ಆ ಉಚ್ಚಾರ ಬಿದ್ದುಹೋಯಿತು.

ನಿಮ್ಮ ಭಾವ ಹೇಳಿದ ಮನೆಗೆಲಸದ ಮಾತಿಗೆ ಈಗ ಬರುತ್ತೇನೆ. ಹಿಂದೆ ಇಂಗ್ಲೆಂಡಿನಲ್ಲಿ ಅಡುಗೆಯವಳೋ ಕುದುರೆ ನೋಡಿಕೊಳ್ಳುವವನೋ ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಸೇರಬೇಕಾದರೆ ಹಳೆಯ ಯಜಮಾನರಿಂದ ಒಂದು ಪತ್ರ ತರಬೇಕಿತ್ತು. ಆ ಪತ್ರಕ್ಕೆ ಹೆಸರೇ ‘ಕ್ಯಾರೆಕ್ಟರ್’. ಸುಳ್ಳು ಕ್ಯಾರೆಕ್ಟರ್ ಕೊಡುವುದನ್ನೂ ತರುವುದನ್ನೂ ಶಿಕ್ಷಿಸಲು 1792ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದ್ದರು, ಅಷ್ಟು ಮುಖ್ಯವಾಗಿತ್ತು ಅದು. ಕೆಲಸಗಾರರು ಬೇಕು ಎಂಬ ಪತ್ರಿಕೆ ಜಾಹೀರಾತುಗಳಲ್ಲಿ, ಈ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಜೋಡಿ ಮಾತು ‘ವಿಲ್ಲಿಂಗ್ ಅಂಡ್ ಅಬ್ಲೈಜಿಂಗ್’. ಹೇಳಿದ್ದಕ್ಕೆ ಇಲ್ಲ ಅನ್ನುವುದಿಲ್ಲ, ಎದುರು ಮಾತಾಡುವುದಿಲ್ಲ, ಹೆಚ್ಚುವರಿ ಕೆಲಸ ಬಿದ್ದರೂ ಗೊಣಗುವುದಿಲ್ಲ ಅಂತ ಅದರ ಅರ್ಥ. ಆಮೇಲಿನ ಕಾಲದಲ್ಲಿ ಮನೆಮನೆಗೆ ಹೋಗಿ ನೆಲ ಒರೆಸುವ ಹೆಂಗಸರು ತಮ್ಮ ಕೆಲಸವನ್ನು ‘ಕೆಲಸ’ ಅನ್ನದೆ, ‘ಮಂಗಳವಾರ ಆ ಮನೆಯವರನ್ನು ಅಬ್ಲೈಜ್ ಮಾಡುತ್ತೇನೆ’ ಎನ್ನುತ್ತಿದ್ದರು. ಕೂಲಿಗೆ ಹೋಗುತ್ತೇನೆ ಅನ್ನುವುದಕ್ಕಿಂತ ಉಪಕಾರ ಮಾಡುತ್ತೇನೆ ಅನ್ನುವುದರಲ್ಲಿ ಒಂದು ಮರ್ಯಾದೆ ಇತ್ತು. ನನಗೆ ಆ ಹೆಂಗಸರ ಬಗ್ಗೆ ಗೌರವ ಇದೆ. ಯಜಮಾನರು ತಮ್ಮ ಮೇಲೆ ಹೊರಿಸಿದ ಪದವನ್ನು ಅವರು ತಿರುಗಿಸಿ ತಮ್ಮದು ಮಾಡಿಕೊಂಡರು.

ಬ್ರಿಟಿಷರು ಇಲ್ಲಿಗೆ ಬಂದಾಗ ಈ ಪದ್ಧತಿಯೂ ಬಂತು. ಬಟ್ಲರ್‌ಗಳು, ಅಡುಗೆಯವರು ಹಳೆಯ ದೊರೆಗಳು ಕೊಟ್ಟ ‘ಚಿಟ್’ಗಳನ್ನು ಜೋಪಾನವಾಗಿ ಇಟ್ಟುಕೊಂಡು ಹೊಸ ದೊರೆಗೆ ತೋರಿಸುತ್ತಿದ್ದರು. ಆ ‘ಚಿಟ್’ ನಮ್ಮ ಚೀಟಿಯ ನೆಂಟನೇ. ನಮ್ಮ ಶಾಲೆ ಕಾಲೇಜುಗಳು ಇವತ್ತಿಗೂ ಕೊಡುವ ಪ್ರಮಾಣಪತ್ರವನ್ನು ನಾವು ‘ಕ್ಯಾರೆಕ್ಟರ್ ಸರ್ಟಿಫಿಕೇಟ್’ ಅನ್ನುತ್ತೇವೆ. ಅದೇ ಹೆಸರು, ಅದೇ ವಿಶೇಷಣಗಳು. ಬ್ರಿಟನ್ನಿನಲ್ಲಿ ಈ ಸೂತ್ರ ಹಳೆಯದಾಯಿತು. ನಮ್ಮಲ್ಲಿ ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಇಳಿದು, ಖಾಲಿ ಜಾಗದಲ್ಲಿ ಹೆಸರು ಮಾತ್ರ ತುಂಬುವ ಹಾಗೆ ಉಳಿದಿದೆ. ನಿಮ್ಮ ಮಗಳ ಪತ್ರದಲ್ಲಿರುವ ‘ಒಬೀಡಿಯಂಟ್ ಅಂಡ್ ಅಬ್ಲೈಜಿಂಗ್’ ಇದರ ಪಳೆಯುಳಿಕೆ. ಬರೆದವರಿಗೆ ನಿಮ್ಮ ಮಗಳ ಮೇಲೆ ಅಭಿಮಾನವೇ ಇದ್ದಿರುತ್ತದೆ, ಅದು ಬೇರೆ ಮಾತು.

ಹಾಗಂತ ಇದು ಆಳುಗಳಿಗೆ ಮಾತ್ರ ಮೀಸಲಾದ ಪದ ಎಂದುಕೊಳ್ಳಬೇಡಿ. ಸಮಾನರ ನಡುವೆ, ಇನ್ನೂ ಹೇಳಬೇಕೆಂದರೆ ಮೇಲಿನವರಿಗೂ ಇದನ್ನು ಬಳಸುತ್ತಿದ್ದರು. ಜೇನ್ ಆಸ್ಟಿನ್ ಕಾದಂಬರಿಗಳಲ್ಲಿ ಇದು ಮಜ್ಜಿಗೆಯಂತೆ ಎಲ್ಲ ಊಟಕ್ಕೂ ಬರುತ್ತದೆ. 1815ರ ಕೊನೆಗೆ ಪ್ರಕಟವಾದ ‘ಎಮ್ಮಾ’ದಲ್ಲಿ ಮಿಸ್ ಬೇಟ್ಸ್ ಎಂಬ ಪಾತ್ರ ಇದೆ. ತೀರಿಹೋದ ಪಾದ್ರಿಯ ಮಗಳು, ಮದುವೆಯಾಗಿಲ್ಲ, ವಯಸ್ಸಾದ ತಾಯಿಯ ಜತೆ ಬಾಡಿಗೆ ಕೋಣೆಗಳಲ್ಲಿ ಇದ್ದಾಳೆ, ಆದಾಯ ತೀರ ಕಡಿಮೆ. ಒಬ್ಬರು ಹಂದಿಮಾಂಸದ ಹಿಂಗಾಲು ಕಳಿಸುತ್ತಾರೆ, ಇನ್ನೊಬ್ಬರು ತಮ್ಮ ತೋಟದ ಸೇಬು ಕಳಿಸುತ್ತಾರೆ. ನೃತ್ಯಕೂಟದ ರಾತ್ರಿ ಮಳೆಹನಿ ಬೀಳುತ್ತಿದೆ, ಗಂಡಸರು ಅವಳನ್ನು ಗಾಡಿಯಿಂದ ಇಳಿಸಿ ಒಳಗೆ ಕರೆತರುತ್ತಾರೆ. ಬಾಗಿಲಲ್ಲೇ ಅವಳ ಮಾತು ಶುರು: ‘ಸೋ ವೆರಿ ಅಬ್ಲೈಜಿಂಗ್ ಆಫ್ ಯು!’ ಮಳೆಯೇ ಇಲ್ಲ, ಇದ್ದರೂ ಏನಿಲ್ಲ, ನನ್ನ ಶೂ ದಪ್ಪ ಇದೆ ಅಂತ ಒಂದೇ ಉಸಿರಿಗೆ ಹೇಳುತ್ತಾಳೆ. ಅವಳ ಬಾಯಲ್ಲಿ ಈ ಪದ ನಿಜವಾದ ಕೃತಜ್ಞತೆ. ಆದರೆ ಓದುತ್ತಾ ಹೋದರೆ, ಊರವರ ಉಪಕಾರದಲ್ಲೇ ಬದುಕು ನಡೆಸಬೇಕಾದ ಹೆಂಗಸು ಪ್ರತಿಯೊಂದಕ್ಕೂ ಹೀಗೆ ಹೇಳುತ್ತಲೇ ಇರಬೇಕಾದ ಒತ್ತಡವೂ ತಟ್ಟುತ್ತದೆ. ಹಂಗಿನಲ್ಲಿರುವವರು ಜಾಸ್ತಿ ಮಾತಾಡುತ್ತಾರೆ.

ಅವಳ ಆ ವಾಕ್ಯದ ಕಟ್ಟನ್ನು ಕಲಿತಿಟ್ಟುಕೊಳ್ಳಿ, ಇವತ್ತಿಗೂ ಸರಿಯಾದ ಬಳಕೆ ಅದು. ಯಾರಾದರೂ ಒಂದು ಉಪಕಾರ ಮಾಡಿದಾಗ ‘ಇಟ್ ವಾಸ್ ವೆರಿ ಅಬ್ಲೈಜಿಂಗ್ ಆಫ್ ಯು’ ಅಂತ ಹೇಳಿ, ಆಮೇಲೆ ಏನು ಮಾಡಿದರು ಅಂತ ಸೇರಿಸಬಹುದು. ‘ಆಫ್’ ಬರಬೇಕು, ‘ಫ್ರಮ್’ ಅಲ್ಲ. ಆದರೆ ಸ್ವಲ್ಪ ಹಳೆಯ ಕಾಲದ ಠೀವಿ ಅದಕ್ಕಿದೆ. ಗೆಳೆಯರಿಗೆ ಹೇಳಿದರೆ ನಾಟಕದ ಮಾತಿನ ಹಾಗೆ ಕೇಳಿಸುತ್ತದೆ. ಅವರಿಗೆ ‘ಕೈಂಡ್ ಆಫ್ ಯು’ ಸಾಕು.

ಉಚ್ಚಾರದ ಬಗ್ಗೆ ಒಂದು ಮಾತು. ಮೊದಲ ಅಕ್ಷರವನ್ನು ‘ಒ’ ಎಂದು ಒತ್ತಬೇಡಿ. ಅದು ಸಣ್ಣ ‘ಅ’, ಒತ್ತು ಬೀಳುವುದು ‘ಬ್ಲೈ’ ಮೇಲೆ. ‘ಆಬ್ಲಿಗೇಷನ್’ನಲ್ಲಿ ಮಾತ್ರ ಒತ್ತು ‘ಗೇ’ಗೆ ಹೋಗುತ್ತದೆ, ಮೊದಲ ಅಕ್ಷರವೂ ತೆರೆದುಕೊಳ್ಳುತ್ತದೆ.

ರಜೆ ಅರ್ಜಿಯ ‘ಅಂಡ್ ಅಬ್ಲೈಜ್’ ಇದೇ ಪದವೇ. ಅದರ ಕಥೆ ನನಗೆ ತುಂಬ ಇಷ್ಟ. ‘ನನಗೆ ಎರಡು ದಿನ ರಜೆ ಕೊಡಬೇಕಾಗಿ ಕೋರುತ್ತೇನೆ ಅಂಡ್ ಅಬ್ಲೈಜ್’ ಅಂತ ನಾವೆಲ್ಲ ಬರೆದೆವು. ವಾಕ್ಯ ಅಲ್ಲಿಗೆ ಹಠಾತ್ತಾಗಿ ನಿಲ್ಲುತ್ತದೆ. ಯಾರನ್ನು ಅಬ್ಲೈಜ್ ಮಾಡಬೇಕು? ಹಳೆಯ ಇಂಗ್ಲಿಷ್ ಪತ್ರಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಅಂಗಡಿಯವನಿಗೆ ಬರೆದ ಚೀಟಿಯ ಕೊನೆಯ ಸಾಲು ‘ಅಂಡ್ ಅಬ್ಲೈಜ್’ ಅಂತ ಮುಗಿಯುತ್ತದೆ. ಅದರ ಕೆಳಗಿನ ಸಾಲಿನಲ್ಲಿ ‘ಯುವರ್ ಒಬೀಡಿಯಂಟ್ ಸರ್ವೆಂಟ್’, ಅದರ ಕೆಳಗೆ ಸಹಿ. ಮೂರನ್ನೂ ಸೇರಿಸಿ ಓದಿ: ಇದನ್ನು ಕಳಿಸಿ, ನಿಮ್ಮ ವಿಧೇಯ ಸೇವಕನಾದ ಇಂಥವನನ್ನು ಉಪಕಾರಕ್ಕೆ ಕಟ್ಟುಬೀಳಿಸಿ. ಸಹಿಯೇ ಆ ವಾಕ್ಯದ ಕರ್ಮಪದ! ನಾವು ನಡುವೆ ‘ಥ್ಯಾಂಕಿಂಗ್ ಯು’ ಅಂತ ಒಂದು ಸಾಲು ತುರುಕಿದೆವು. ವಾಕ್ಯದ ಬಾಲ ತುಂಡಾಯಿತು. ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎನ್ನುವ ನಮ್ಮ ಕನ್ನಡ ಅರ್ಜಿಯ ಕೊನೆಯಲ್ಲೂ ‘ವಿಧೇಯ’ ಬಂದು ಕೂತಿದೆ ನೋಡಿ. ಮೇಲಿನ ಪ್ರಮಾಣಪತ್ರದ ‘ಒಬೀಡಿಯಂಟ್’ ಅದೇ. ಈಗ ಯಾರಾದರೂ ಮಕ್ಕಳಿಗೆ ರಜೆ ಅರ್ಜಿ ಹೇಳಿಕೊಡುವುದಿದ್ದರೆ ‘ಅಂಡ್ ಅಬ್ಲೈಜ್’ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ‘ದಯವಿಟ್ಟು ಎರಡು ದಿನ ರಜೆ ಕೊಡಿ’ ಎಂಬುದನ್ನು ನೇರ ಇಂಗ್ಲಿಷಿನಲ್ಲಿ ಬರೆದರೆ ಆಯಿತು.

ಕ್ರಿಯಾಪದವಾಗಿ ‘ಅಬ್ಲೈಜ್’ ಇನ್ನೂ ಗಟ್ಟಿಯಾಗಿಯೇ ಇದೆ. ಹೈಕೋರ್ಟಿನಲ್ಲಿ ವಕೀಲರು ದಿನಕ್ಕೆ ಎಷ್ಟೋ ಸಲ ‘ಮಚ್ ಅಬ್ಲೈಜ್ಡ್’ ಎನ್ನುತ್ತಾರೆ. ಕ್ರಿಕೆಟ್ ವರದಿಯಲ್ಲಿ ‘ಜನ ಸಿಕ್ಸರ್ ಕೇಳಿದರು, ಬ್ಯಾಟ್ಸ್‌ಮನ್ ಅಬ್ಲೈಜ್ ಮಾಡಿದ’ ಅಂತ ಬರುತ್ತದೆ. ಒಂದು ಕಡೆ ಮಾತ್ರ ಹುಷಾರಾಗಿರಿ. ‘ಐ ಆಮ್ ಅಬ್ಲೈಜ್ಡ್ ಟು ಯು’ ಅಂದರೆ ನಿಮಗೆ ಋಣಿ. ‘ಐ ಆಮ್ ಅಬ್ಲೈಜ್ಡ್ ಟು ಗೋ’ ಅಂದರೆ ಹೋಗಲೇಬೇಕಾಗಿದೆ, ಬೇರೆ ದಾರಿ ಇಲ್ಲ. ‘ಟು’ ಆದಮೇಲೆ ಮನುಷ್ಯ ಬಂದರೆ ಕೃತಜ್ಞತೆ, ಕ್ರಿಯಾಪದ ಬಂದರೆ ಬಲವಂತ. ‘ಅಬ್ಲೈಜಿಂಗ್ಲಿ’ ಎಂಬ ಕ್ರಿಯಾವಿಶೇಷಣ ಪತ್ರಿಕೆಗಳಲ್ಲಿ ಬಂದರೆ ಎರಡು ಸಲ ಓದಿ. ‘ಕಳ್ಳ ಅಬ್ಲೈಜಿಂಗ್ಲಿ ತನ್ನ ಮೊಬೈಲನ್ನು ಅಲ್ಲೇ ಬಿಟ್ಟು ಹೋಗಿದ್ದ’ ಎನ್ನುವ ಥರದ ಕುಟುಕು ಅದರಲ್ಲಿ ಆಗಾಗ ಇರುತ್ತದೆ.

ಇದರ ಅಕ್ಕಪಕ್ಕದ ಪದಗಳನ್ನೂ ನೋಡಿಬಿಡೋಣ, ಯಾಕೆಂದರೆ ಪ್ರಾಧ್ಯಾಪಕರು ‘ಅಬ್ಲೈಜಿಂಗ್’ ತೆಗೆದು ಅವುಗಳಲ್ಲೊಂದನ್ನು ಹಾಕುವ ಸಾಧ್ಯತೆ ಇದೆ.

‘ಅಕಾಮಡೇಟಿಂಗ್’ ಅಂದರೆ ನಿಮ್ಮ ಅನುಕೂಲಕ್ಕೆ ತನ್ನ ಅನುಕೂಲ ಬಿಟ್ಟುಕೊಡುವವರು. ಬೆಂಗಳೂರಿನ ಬಸ್ಸಿನ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ಗೆ ಹೂಂ ಅಂದು ಸರಿದು ಕೂರುವವರು. ಇದನ್ನು ನಮ್ಮಲ್ಲಿ ಎಷ್ಟೋ ಜನ ‘ಅಕಾಮಡೇಟಿವ್’ ಅನ್ನುತ್ತಾರೆ. ಆ ರೂಪ ನೀತಿ, ನಿಲುವುಗಳಿಗೆ ಸರಿ. ರಿಸರ್ವ್ ಬ್ಯಾಂಕ್ 2019ರ ಜೂನ್‌ನಲ್ಲಿ ತನ್ನ ಹಣಕಾಸು ನೀತಿಯ ನಿಲುವನ್ನು ‘ಅಕಾಮಡೇಟಿವ್’ ಎಂದು ಬದಲಿಸಿತಲ್ಲ, ಬಡ್ಡಿ ಇಳಿಸಲು ಸಿದ್ಧ ಅಂತ, ಹಾಗೆ. ಮನುಷ್ಯರಿಗೆ ‘ಅಕಾಮಡೇಟಿಂಗ್’ ಅನ್ನುವುದೇ ಚೆನ್ನ.

‘ಕಂಪ್ಲೈಯಂಟ್’ ಅಂದರೆ ಹೇಳಿದ ಹಾಗೆ ಕೇಳುವವರು. ಯಂತ್ರಕ್ಕೂ ನಿಯಮಕ್ಕೂ ಇದು ಒಳ್ಳೆಯ ಪದ. ವಿದ್ಯಾರ್ಥಿಗೆ ಬೇಡ.

‘ಅಫಿಷಿಯಸ್’ ಅಂತೂ ಮುಟ್ಟಲೇಬೇಡಿ. ಕೇಳಿದರೆ ‘ಅಫಿಷಿಯಲ್’ನ ತಂಗಿಯಂತಿದೆ, ಕಚೇರಿಯ ಶಿಸ್ತಿನವಳು ಅಂತ ಬರೆದವರನ್ನು ನಾನು ನೋಡಿದ್ದೇನೆ. ಇವತ್ತಿನ ಅರ್ಥ ‘ಕೇಳದೆ ಇದ್ದರೂ ಮೂಗು ತೂರಿಸಿ ಯಜಮಾನಿಕೆ ಮಾಡುವವರು’. ಈ ಪದದ ಕಥೆ ಸ್ವಲ್ಪ ದುಃಖದ್ದು. ಲ್ಯಾಟಿನ್‌ನಲ್ಲಿ ‘ಆಫಿಷಿಯಂ’ ಎಂದರೆ ಕರ್ತವ್ಯ, ಉಪಕಾರ. ಒಂದು ಕಾಲದಲ್ಲಿ ‘ಅಫಿಷಿಯಸ್’ ಅಂದರೆ ‘ಅಬ್ಲೈಜಿಂಗ್’ ಅಂತಲೇ ಅರ್ಥ ಇತ್ತು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಅವರ ಮನೆಯಲ್ಲಿ ರಾಬರ್ಟ್ ಲೆವೆಟ್ ಎಂಬ ವೈದ್ಯ ಇದ್ದ. ದೊಡ್ಡ ಪದವಿ ಇಲ್ಲ, ಲಂಡನ್ನಿನ ಬಡವರ ಗಲ್ಲಿಗಳಲ್ಲಿ ನಡೆದುಕೊಂಡೇ ಹೋಗಿ ಔಷಧ ಕೊಡುತ್ತಿದ್ದ. 1782ರಲ್ಲಿ ಆತ ತೀರಿಕೊಂಡಾಗ ಜಾನ್ಸನ್ ಬರೆದ ಶೋಕಗೀತೆಯಲ್ಲಿ ಆತನನ್ನು ಕರೆದ ಮೊದಲ ವಿಶೇಷಣಗಳಲ್ಲಿ ಒಂದು ‘ಅಫಿಷಿಯಸ್’. ಯಾರೂ ಇಲ್ಲದವರಿಗೆ ಓಡಿಬಂದು ಒದಗುವವನು ಅಂತ ಅಲ್ಲಿ ಅರ್ಥ. ಇವತ್ತಿನ ಓದುಗರು ಆ ಸಾಲನ್ನು ಓದಿ ಬೈಗುಳ ಎಂದುಕೊಂಡರೆ ಆಶ್ಚರ್ಯ ಇಲ್ಲ. ಕೇಳಿದಾಗ ಮಾಡಿಕೊಡುವುದಕ್ಕೂ ಕೇಳುವ ಮೊದಲೇ ಬಂದು ಕೂರುವುದಕ್ಕೂ ನಡುವೆ ಇರುವ ಗೆರೆ ತುಂಬ ತೆಳು. ‘ಅಬ್ಲೈಜಿಂಗ್’ ಗೆರೆಯ ಈಚೆ ಉಳಿಯಿತು, ‘ಅಫಿಷಿಯಸ್’ ಆಚೆ ಬಿತ್ತು. ಕಾನೂನು ಓದುವವರಿಗೆ ‘ಅಫಿಷಿಯಸ್ ಬೈಸ್ಟ್ಯಾಂಡರ್’ ಗೊತ್ತಿರುತ್ತದೆ. ಇಬ್ಬರು ಕರಾರು ಮಾಡಿಕೊಳ್ಳುವಾಗ ಪಕ್ಕದಲ್ಲಿ ನಿಂತು ‘ಇದನ್ನೂ ಬರೆದುಕೊಳ್ಳಿ’ ಎನ್ನುವ ಅಧಿಕಪ್ರಸಂಗಿ. 1939ರಲ್ಲಿ ವರದಿಯಾದ ಇಂಗ್ಲೆಂಡಿನ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಮೆಕಿನನ್ ಕಲ್ಪಿಸಿದ ಪಾತ್ರ ಅದು. ಅವನಿಗೆ ಇಬ್ಬರೂ ಸಿಡುಕಿ ‘ಅದು ಇದ್ದೇ ಇದೆ ಬಿಡಪ್ಪಾ’ ಅನ್ನುವಂಥ ಷರತ್ತು ಯಾವುದೋ, ಅದು ಬರೆಯದಿದ್ದರೂ ಕರಾರಿನಲ್ಲಿ ಇದೆ ಎಂದು ಲೆಕ್ಕ.

ಈಗ ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ಪ್ರಮಾಣಪತ್ರವನ್ನು ಇದ್ದ ಹಾಗೆಯೇ ಕಳಿಸಿ. ಅದು ಮೂಲ ದಾಖಲೆ. ಅದನ್ನು ತಿದ್ದಿಸಲು ಹೋಗಿ ಹೊಸ ತಾಪತ್ರಯ ಮಾಡಿಕೊಳ್ಳಬೇಡಿ. ಅದು ಸೂತ್ರದ ಭಾಷೆ ಅಂತ ಭಾರತದ ಅರ್ಜಿಗಳನ್ನು ನೋಡಿ ಅಭ್ಯಾಸವಿರುವ ಯಾರಿಗೂ ಗೊತ್ತಾಗುತ್ತದೆ.

ಶಿಫಾರಸು ಪತ್ರದ ವಿಷಯ ಬೇರೆ. ಅದನ್ನು ಒಬ್ಬರು ಕೂತು ಓದುತ್ತಾರೆ. ಈ ಹುಡುಗಿ ತಾನೇ ಯೋಚನೆ ಮಾಡುತ್ತಾಳಾ, ಪ್ರಶ್ನೆ ಕೇಳುತ್ತಾಳಾ, ಪ್ರಯೋಗ ಕೈಕೊಟ್ಟರೆ ಏನು ಮಾಡುತ್ತಾಳೆ ಎಂಬುದು ಅವರಿಗೆ ಬೇಕು. ‘ಒಬೀಡಿಯಂಟ್ ಅಂಡ್ ಅಬ್ಲೈಜಿಂಗ್’ ಎಂಬುದು ಅವರಿಗೆ ಹೇಳುವುದು ಇಷ್ಟೇ: ಹೇಳಿದ್ದು ಮಾಡುತ್ತಾಳೆ. ನಮ್ಮಲ್ಲಿ ಅದು ದೊಡ್ಡ ಗುಣ, ಸಂಶೋಧನೆಯ ದಾರಿಯಲ್ಲಿರುವವರಿಗೆ ಅದು ಸಾಲದು. ಅಷ್ಟೇ ಅಲ್ಲ, ಪತ್ರದಲ್ಲಿ ಬೇರೇನೂ ಗಟ್ಟಿ ಮಾತು ಇಲ್ಲದೆ ಇದೊಂದೇ ಇದ್ದರೆ, ಹೊಗಳಲು ಇನ್ನೇನೂ ಸಿಗಲಿಲ್ಲವೇನೋ ಎಂಬ ಅನುಮಾನವೂ ಬರುತ್ತದೆ. ನಿಮ್ಮ ಮಗಳಿಗೆ ಇದು ಅನ್ಯಾಯ.

ಅವಳು ನಿಜವಾಗಿ ಸಹಾಯ ಮಾಡುವ ಸ್ವಭಾವದವಳಾಗಿದ್ದರೆ ಅದನ್ನು ಬಿಡಬೇಡಿ, ಅದು ಬರಲೇಬೇಕು. ಆದರೆ ವಿಶೇಷಣವಾಗಿ ಅಲ್ಲ, ಘಟನೆಯಾಗಿ. ಪ್ರಾಧ್ಯಾಪಕರಿಗೆ ವಿನಯದಿಂದ ಒಂದು ಟಿಪ್ಪಣಿ ಕೊಡಿ, ‘ಸರ್, ಲ್ಯಾಬಿನಲ್ಲಿ ನಡೆದ ಆ ಸಂಗತಿಯನ್ನು ಸೇರಿಸಲು ಆಗುತ್ತದಾ?’ ಅಂತ. ಉದಾಹರಣೆಗೆ, ಕಿರಿಯ ವಿದ್ಯಾರ್ಥಿಗಳ ಟೈಟ್ರೇಷನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗ, ಪದೇ ಪದೇ ತಪ್ಪಾಗುತ್ತಿತ್ತು. ಇವಳು ಮಧ್ಯಾಹ್ನ ಉಳಿದು ಅವರ ಬ್ಯುರೆಟ್ (ಅಳತೆಯ ಗಾಜಿನ ಕೊಳವೆ) ನೋಡಿದಳು, ಕೆಳಗಿನ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದನ್ನು ತೋರಿಸಿದಳು, ಅದರ ನಲ್ಲಿ ತೆರೆದು ದ್ರಾವಣ ಹರಿಸಿ ಅದನ್ನು ಹೊರಡಿಸುವುದು ಹೇಗೆ ಅಂತ ಅವರ ಕೈಯಿಂದಲೇ ಮಾಡಿಸಿದಳು. ಇಷ್ಟು ಬರೆದರೆ ಓದಿದವರಿಗೆ ಅವಳು ಅಬ್ಲೈಜಿಂಗ್ ಅಂತಲೂ ಗೊತ್ತಾಯಿತು, ತಪ್ಪು ಎಲ್ಲಿದೆ ಎಂದು ಹುಡುಕುವ ಕಣ್ಣಿದೆ ಅಂತಲೂ ಗೊತ್ತಾಯಿತು. ಒಂದು ವಿಶೇಷಣ ಬೇಕೇ ಬೇಕು ಅಂದರೆ ‘ಜನರಸ್ ವಿತ್ ಹರ್ ಟೈಮ್’ ಅನ್ನಬಹುದು. ತನ್ನ ಸಮಯವನ್ನು ಧಾರಾಳವಾಗಿ ಕೊಡುವವಳು ಅಂತ. ಅದರಲ್ಲಿ ಮೇಲೆ ಕೆಳಗೆ ಇಲ್ಲ. ಕೊಡುವುದು ಬಿಡುವುದು ಅವಳ ಕೈಯಲ್ಲಿದೆ.

ಇನ್ನು ಕನ್ನಡದ ಪದ. ‘ಉಪಕಾರಿ’ ಅಂದರೆ ಭಾರ ಜಾಸ್ತಿ ಆಗುತ್ತದೆ, ‘ಪರೋಪಕಾರಿ’ ಇನ್ನೂ ದೊಡ್ಡದು. ಅಂಚೆ ಕಚೇರಿಯ ಆತನನ್ನು ಪರೋಪಕಾರಿ ಅನ್ನುವುದಿಲ್ಲ ನಾವು. ‘ಸಹಕಾರಿ’ ಅಂದರೆ ಸೊಸೈಟಿ ನೆನಪಾಗುತ್ತದೆ. ಸ್ವಭಾವಕ್ಕೆ ತೀರ ಹತ್ತಿರ ಬರುವುದು ‘ದಾಕ್ಷಿಣ್ಯ’. ಎದುರಿನವರು ಕೇಳಿದಾಗ ಇಲ್ಲ ಅನ್ನಲು ಬಾಯಿ ಬಾರದಿರುವುದು ದಾಕ್ಷಿಣ್ಯ. ಒಳ್ಳೆಯದಾಗಿಯೂ ಬಳಸುತ್ತೇವೆ, ‘ದಾಕ್ಷಿಣ್ಯಕ್ಕೆ ಬಿದ್ದು ಸಾಲಕ್ಕೆ ಜಾಮೀನು ಹಾಕಿದ’ ಅಂತ ಮರುಗುವುದಕ್ಕೂ ಬಳಸುತ್ತೇವೆ. ಉತ್ತರ ಕರ್ನಾಟಕದ ಕಡೆಯೂ ಕೇಳುವ ‘ಮುಲಾಜು’ ಇದಕ್ಕೆ ಇನ್ನೂ ಹತ್ತಿರ, ಆದರೆ ಅದರಲ್ಲಿ ಸಂತೋಷ ಕಡಿಮೆ, ಮುಜುಗರ ಜಾಸ್ತಿ. ‘ಅಬ್ಲೈಜಿಂಗ್’ನಲ್ಲಿ ಸಂತೋಷವೇ ಮುಖ್ಯ. ಹಾಗಾಗಿ ಪ್ರಮಾಣಪತ್ರವನ್ನು ಯಾವುದಾದರೂ ಕೆಲಸಕ್ಕೆ ಕನ್ನಡಕ್ಕೆ ತರಬೇಕಾದರೆ ಒಂದೇ ಪದ ಹುಡುಕುತ್ತ ಕೂರಬೇಡಿ. ‘ಕೇಳಿದ ಕೆಲಸವನ್ನು ಸಂತೋಷದಿಂದ ಮಾಡಿಕೊಡುವವಳು’ ಎಂದು ಬರೆಯಿರಿ.